ಕಳಂಬೋಲಿಗೆ ಎರಡು ಬಿಲ್
ಕಳಂಬೋಲಿಯಲ್ಲಿ ಫ್ಲಾಟ್ ತಗೊಂಡಿರೋ ನಮ್ಮವರು ಈ ಇತಿಹಾಸ ತಿಳ್ಕೋಬೇಕು. 1970ರಲ್ಲಿ ಮಹಾರಾಷ್ಟ್ರ ಸರ್ಕಾರ ಸಿಡ್ಕೊ ಸ್ಥಾಪಿಸಿತು. ಊರು ಕಟ್ಟಿದ್ದೂ, ಸೇವಾ ಶುಲ್ಕ ವಸೂಲಿ ಮಾಡಿದ್ದೂ ಅದೇ. 2016ರ ಅಕ್ಟೋಬರ್ 1ರಂದು ಪನ್ವೇಲ್ ಮಹಾನಗರಪಾಲಿಕೆ ಹುಟ್ಟಿತು, ಕಳಂಬೋಲಿ ಅದರೊಳಗೆ ಬಂತು. ಸೇವೆಗಳು ಮಾತ್ರ ಆಮೇಲೂ ಸಿಡ್ಕೊ ಕೈಯಲ್ಲೇ ಇದ್ದವು. ವರ್ಷಗಳು ಕಳೆದ ಮೇಲೆ ಪಾಲಿಕೆಯ ಆಸ್ತಿ ತೆರಿಗೆ ಬಿಲ್ ಬಂತು ನೋಡಿ, 2016ರಿಂದಲೇ ಲೆಕ್ಕ ಹಾಕಿ! ನಿವಾಸಿಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು.

ಪಾಲಿಕೆಗೆ ತೆರಿಗೆ ಬೇಡ ಅಂತ ನಾನು ಹೇಳಲ್ಲ, ಕಸ ಎತ್ತೋಕೂ ದುಡ್ಡು ಬೇಕು. ಆದರೆ ಸೇವೆ ಬೇರೆಯವರು ಕೊಟ್ಟ ವರ್ಷಗಳಿಗೂ ಬಿಲ್ ಹಾಕೋದು ಅನ್ಯಾಯ. ಬೆಂಗಳೂರೇನೂ ಕಮ್ಮಿ ಇಲ್ಲ ಬಿಡಿ: 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರಲ್ಲಿ. ಅಷ್ಟು ವರ್ಷ ತೆರಿಗೆನೂ ಕಟ್ಟಿ, ಟ್ಯಾಂಕರ್ ನೀರೂ ಕೊಂಡವರು ನಮ್ಮಲ್ಲೇ ಇದ್ದಾರೆ.