ಮೋಟರ್ ಸುಟ್ಟಿದ್ದಕ್ಕೂ ಚಿನ್ನದ ಗಣಿಯ 25 ಸೈಕಲ್ ಕರೆಂಟಿಗೂ ಏನು ಸಂಬಂಧ?

ಕೆ.ಆರ್.ಪುರದ ಸುತ್ತಮುತ್ತಲಿನ ರೈತ ಗೆಳೆಯರೇ, ತೊಟ್ಟಿಯಿಂದ ಡ್ರಿಪ್ಪಿಗೆ ನೀರು ತಳ್ಳುವ ನಮ್ಮ 5 ಹೆಚ್‌ಪಿ ಮೋಟರ್ ಈ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ವೈಂಡಿಂಗ್ ಕಟ್ಟಿಸಿದೆ. ಅಷ್ಟರಲ್ಲಿ ಎರಡು ಮಡಿ ಕೊತ್ತಂಬರಿ ಒಣಗಿಹೋಯ್ತು. ತಪ್ಪು ಮೋಟರಿಂದಲ್ಲ, ಶಿವಾಜಿನಗರದ ಗುಜರಿಯಿಂದ ತಂದು ನಾನೇ ಕೂರಿಸಿದ ಹಳೇ ವಿಎಫ್‌ಡಿ ಸೆಟ್ಟಿಂಗಿಂದು.

ಇದು ಅರ್ಥ ಆಗೋಕೆ ಒಂದು ಹಳೇ ಕಥೆ ಬೇಕು. ನಮ್ಮ ಹಳೇ ಮದ್ರಾಸ್ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಕೋಲಾರದ ಸೀಮೆ, ಅದರಾಚೆ ಚಿನ್ನದ ಗಣಿ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಆ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಗಣಿಗೆ ಹೋದ ಆ ಕರೆಂಟ್ 25 ಸೈಕಲ್‌ದು. ಈಗ ನಮ್ಮದು 50. ನಾಲ್ಕು ಪೋಲಿನ ಮೋಟರ್ 50ರಲ್ಲಿ ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗಿದರೆ, 25ರಲ್ಲಿ 750 ಅಷ್ಟೆ. ಆ ಕಾಲದಲ್ಲಿ ಸೈಕಲ್ ಬದಲಾಯಿಸಬೇಕೆಂದರೆ ಮೋಟರಿನಿಂದ ಜನರೇಟರ್ ತಿರುಗಿಸುವಂಥ ದೊಡ್ಡ ಯಂತ್ರವೇ ಬೇಕಿತ್ತು. ಈಗ ಅದನ್ನು ಗೋಡೆ ಮೇಲಿನ ಒಂದು ಪೆಟ್ಟಿಗೆ ಮಾಡುತ್ತೆ.

ಆದರೆ ಒಂದು ನಿಯಮ ಅವತ್ತಿಂದ ಬದಲಾಗಿಲ್ಲ. ಸೈಕಲ್ ಇಳಿಸಿದರೆ ಅದೇ ಲೆಕ್ಕದಲ್ಲಿ ವೋಲ್ಟೇಜನ್ನೂ ಇಳಿಸಬೇಕು. ಇಲ್ಲದಿದ್ದರೆ ಮೋಟರಿನೊಳಗಿನ ಕಬ್ಬಿಣಕ್ಕೆ ಹಿಡಿಸಲಾರದಷ್ಟು ಅಯಸ್ಕಾಂತ ತುಂಬಿ, ಆಂಪ್ಸ್ ಏರಿ, ಅದೆಲ್ಲ ಬಿಸಿಯಾಗುತ್ತೆ. ನನ್ನ ಮೋಟರ್ ಪ್ಲೇಟಲ್ಲಿ 415 ವೋಲ್ಟ್, 50 ಹರ್ಟ್ಜ್ ಅಂತಿದೆ. 40 ಹರ್ಟ್ಜಿಗೆ 332 ವೋಲ್ಟ್ ಸಾಕು. ಆದರೆ ಡ್ರೈವಿನ ಬೇಸ್ ಫ್ರೀಕ್ವೆನ್ಸಿ ಹಿಂದಿನ ಯಾವುದೋ ಯಂತ್ರಕ್ಕೆ ಇಟ್ಟ 30ರಲ್ಲೇ ಇತ್ತು! ಹಾಗಾಗಿ 40ರಲ್ಲೂ ಪೂರ್ತಿ 415 ಹೋಗ್ತಿತ್ತು.

ಸುಳಿವು ಕಣ್ಣೆದುರೇ ಇತ್ತು. ವೇಗ ತಗ್ಗಿಸಿದಾಗ ನೀರು ಕಮ್ಮಿಯಾಯ್ತು, ಆಂಪ್ಸ್ ಮಾತ್ರ ಇಳೀಲಿಲ್ಲ. ನಾನು ಗಮನಿಸಲಿಲ್ಲ.

ನೀವು ಹೀಗೆ ನೋಡಿ: ಪ್ಲೇಟಿನ ವೋಲ್ಟ್, ಹರ್ಟ್ಜ್, ಆಂಪ್ಸ್ ಮೂರನ್ನೂ ಡ್ರೈವಿಗೆ ಸರಿಯಾಗಿ ತುಂಬಿಸಿ. ಇನ್ನೊಂದು, ಫ್ಯಾನ್ ಶಾಫ್ಟಿಗೇ ಇರೋದ್ರಿಂದ ವೇಗ ಇಳಿದರೆ ಗಾಳಿಯೂ ಇಳಿಯುತ್ತೆ. ಮೇವು ಕತ್ತರಿಸೋ ಮಷೀನಿನಂಥ ಭಾರದ ಕೆಲಸಕ್ಕೆ ತುಂಬಾ ನಿಧಾನ ಓಡಿಸಬೇಡಿ. ಡ್ರೈವ್ ಬಿಚ್ಚೋ ಮುಂಚೆ ಮೇನ್ ತೆಗೆದು, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಒಳಗಿನ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ.

ಬೇಸ್ 50 ಮಾಡಿದ ಮೇಲೆ ಮೋಟರ್ ತಣ್ಣಗಿದೆ. ಹೊಸ ಕೊತ್ತಂಬರಿ ಚೆಲ್ಲಿದ್ದೀನಿ.