ರೋರೋಸ್: ತಾಮ್ರದ ವೃತ್ತದೊಳಗೆ

ನಾರ್ವೆಗೆ ಹೋದವರು ಸಾಮಾನ್ಯವಾಗಿ ಪಶ್ಚಿಮ ತೀರದ ಫಿಯರ್ಡುಗಳನ್ನೂ ಜಲಪಾತಗಳನ್ನೂ ನೋಡಿ ಹಿಂದಿರುಗುತ್ತಾರೆ. ನಾನು ಅವಕ್ಕೆ ಬೆನ್ನು ಮಾಡಿ, ಟ್ರಾಂಡ್‌ಹೈಮ್ ಪಟ್ಟಣದಲ್ಲಿ ರೈಲು ಹಿಡಿದು ಒಳನಾಡಿನ ಎತ್ತರದ ಬಯಲಿನತ್ತ ಹೊರಟೆ. ನನ್ನನ್ನು ಅತ್ತ ಎಳೆದದ್ದು ಒಂದು ಭೂಪಟ. ಬೆಟ್ಟ, ಸರೋವರ, ನದಿ, ಹಳ್ಳಿ ಯಾವುದನ್ನೂ ಲೆಕ್ಕಿಸದೆ ಅದರ ಮೇಲೆ ಯಾರೋ ಕೈವಾರವಿಟ್ಟು ಒಂದು ದೊಡ್ಡ ವೃತ್ತವನ್ನು ಎಳೆದಿದ್ದರು. ವೃತ್ತದ ನಡುಬಿಂದು ಒಂದು ಗಣಿ. ಅದರ ಸಮೀಪದಲ್ಲಿ ರೋರೋಸ್ ಎಂಬ ಊರು. ದೇಶದೇಶಗಳ ಗಡಿಗಳು ನದಿಯನ್ನೋ ಬೆಟ್ಟದ ಸಾಲನ್ನೋ ಅನುಸರಿಸಿ ಸೊಟ್ಟಸೊಟ್ಟಗೆ ಹರಿಯುವುದನ್ನು ಕಂಡಿದ್ದೇನೆ. ಹೀಗೆ ಬಳೆಯಂತೆ ದುಂಡಗಿರುವ ಗಡಿಯನ್ನು ಕಂಡದ್ದು ಅದೇ ಮೊದಲು. ಇದರ ಗುಟ್ಟೇನೆಂದು ನೋಡಿಯೇ ಬರೋಣವೆನಿಸಿತು.

ಎರಡೂವರೆ ಗಂಟೆಯ ಪ್ರಯಾಣ. ಇಳಿದಾಗ ಆಗಸ್ಟ್ ತಿಂಗಳ ಕೊನೆ, ಬೇಸಗೆಯೆಂದೇ ಲೆಕ್ಕ. ಆದರೂ ನನ್ನ ಉಣ್ಣೆಯ ಕೋಟು ಸಾಲದಾಯಿತು. ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿರುವ ಊರು ಇದು. 1914ರ ಜನವರಿಯಲ್ಲಿ ಇಲ್ಲಿ ಉಷ್ಣಮಾನ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿದಿತ್ತೆಂದ ಮೇಲೆ ನನ್ನ ನಡುಕಕ್ಕೆ ಬೆಲೆಯೆಲ್ಲಿ? ಸೋಲ್ಜೆನಿತ್ಸಿನ್ನರ ‘ಇವಾನ್ ಡೆನಿಸೊವಿಚ್’ ಕಾದಂಬರಿಯನ್ನು 1970ರಲ್ಲಿ ಚಲನಚಿತ್ರವಾಗಿಸಿದವರು ಸೈಬೀರಿಯದ ಸೆರೆಶಿಬಿರವನ್ನು ತೋರಿಸಲು ಆರಿಸಿಕೊಂಡದ್ದು ಈ ಸೀಮೆಯನ್ನೇ.

ಊರು ಮಾತ್ರ ಸೊಗಸಾದದ್ದು. ಏರಿನ ಮೇಲೆ ಸಾಗುವ ಎರಡು ಮುಖ್ಯ ಬೀದಿಗಳು. ಇಕ್ಕೆಲದಲ್ಲೂ ಮರದ ಮನೆಗಳು. ಕೆಲವು ಕೆಂಪು, ಕೆಲವು ಹಳದಿ, ಕೆಲವು ಬಣ್ಣವನ್ನೇ ಕಾಣದೆ ಕಪ್ಪಿಟ್ಟವು. ಬೀದಿಯ ಕಡೆಗೆ ವಾಸದ ಮನೆ, ಹಿಂದೆ ಅಂಗಳ, ಅದರಾಚೆ ದನದ ಕೊಟ್ಟಿಗೆ. ಗಣಿಗಾರನಿಗೂ ಒಂದು ಹಸು, ಊರಾಚೆ ಒಂದು ತುಂಡು ಹುಲ್ಲುಗಾವಲು ಇರುತ್ತಿತ್ತು. ಸಂಬಳವೊಂದರಿಂದಲೇ ಸಂಸಾರ ನಡೆಯುತ್ತಿರಲಿಲ್ಲವೆಂಬುದಕ್ಕೆ ಆ ಕೊಟ್ಟಿಗೆಗಳೇ ಸಾಕ್ಷಿ.

ತಾಮ್ರ ಸಿಕ್ಕಿದ ಬಗೆಗೆ ಇಲ್ಲಿಯವರು ಒಂದು ಕಥೆ ಹೇಳುತ್ತಾರೆ. ಹಾನ್ಸ್ ಓಸೆನ್ ಎಂಬ ರೈತ ಒಂದು ಹಿಮಸಾರಂಗವನ್ನು ಹೊಡೆದನಂತೆ. ಪ್ರಾಣ ಬಿಡುವಾಗ ಅದು ಕಾಲು ಝಾಡಿಸಿ ನೆಲ ಕೆದರಲು, ಪಾಚಿಯಡಿಯಲ್ಲಿ ಹೊಳೆಯುವ ಕಲ್ಲು ಕಂಡಿತಂತೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ, 1644ರಲ್ಲಿ ಗಣಿಗಾರಿಕೆ ಆರಂಭವಾದದ್ದು ನಿಜ. ಜರ್ಮನಿಯಿಂದ ಬಂದ ಲೊರೆಂಟ್ಸ್ ಲೋಸಿಯಸ್ ಎಂಬ ಗಣಿತಜ್ಞ ಅದಕ್ಕೆ ಮೊದಲ ರೂಪ ಕೊಟ್ಟವರಲ್ಲಿ ಒಬ್ಬ.

ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಕೈಕೆಳಗಿತ್ತು. 1646ರಲ್ಲಿ ನಾಲ್ಕನೆಯ ಕ್ರಿಸ್ಟಿಯನ್ ದೊರೆ ಕಂಪೆನಿಗೆ ಒಂದು ಸನ್ನದು ಕೊಟ್ಟ. ಗಣಿಯನ್ನು ನಡುಬಿಂದುವಾಗಿಟ್ಟು ನಾಲ್ಕು ಹಳೆಯ ನಾರ್ವೆ ಮೈಲಿ, ಅಂದರೆ ಸುಮಾರು 45 ಕಿಲೋಮೀಟರು ತ್ರಿಜ್ಯದ ವೃತ್ತ ಎಳೆದರೆ, ಅದರೊಳಗಿನ ಅದಿರೆಲ್ಲ ಕಂಪೆನಿಯದು; ಕಾಡೂ ಹರಿವ ನೀರೂ ಅದರ ಬಳಕೆಗೆ. ಒಳಗೆ ವಾಸವಾಗಿದ್ದ ರೈತರು ಕಂಪೆನಿ ಕರೆದಾಗ ಬಂದು ಸೌದೆ ಕಡಿಯಬೇಕು, ಇದ್ದಲು ಸುಡಬೇಕು, ಅದಿರು ಸಾಗಿಸಬೇಕು. ಇದನ್ನು ಬಿಟ್ಟಿ ಎನ್ನುವಂತಿಲ್ಲ, ಕೂಲಿ ಕೊಡುತ್ತಿದ್ದರು. ಆದರೆ ‘ಒಲ್ಲೆ’ ಎನ್ನುವ ಹಕ್ಕು ಕೂಲಿಯವನಿಗಿರಲಿಲ್ಲ. ಹಿಮಸಾರಂಗಗಳನ್ನೇ ನಂಬಿ ಬದುಕಿದ ಸಾಮಿ ಜನರ ಮೇವಿನ ನೆಲವೂ ಆ ಗೆರೆಯೊಳಗೆ ಸೇರಿಹೋಯಿತು. ನನ್ನ ಭೂಪಟದ ಗುಟ್ಟು ಇಷ್ಟೇ. ದೊರೆಯ ಸನ್ನದಿನ ನಾಲ್ಕು ಸಾಲು ನೆಲದ ಮೇಲೆ ಆ ಆಕಾರ ತಾಳಿತ್ತು.

ಮರುದಿನ ಊರಿನಿಂದ 13 ಕಿಲೋಮೀಟರು ದೂರದ ಓಲಾವ್ ಗಣಿಗೆ ಹೋದೆ. ಹೊಸ ಗಣಿಗೆ 1930ರ ದಶಕದ ಯುವರಾಜನ ಹೆಸರು. ಅದರೊಡನೆ ಕೂಡಿಕೊಂಡ ಹಳೆಯ ಗಣಿ ಹದಿನೇಳನೆಯ ಶತಮಾನದ್ದು. ತಲೆಗೆ ಲೋಹದ ಟೋಪಿ ಹಾಕಿಸಿ ಒಬ್ಬ ಹುಡುಗಿ ನಮ್ಮನ್ನು ಕೆಳಗೆ ಕರೆದೊಯ್ದಳು. ಒಳಗೆ ವರ್ಷವಿಡೀ ಐದು ಡಿಗ್ರಿಯ ತಣ್ಪು. ಹಳೆಯ ಭಾಗದ ಗೋಡೆಗಳು ನುಣ್ಣಗೆ, ಗುಮ್ಮಟದಂತೆ ಒಳಬಾಗಿದ್ದವು. ಉಳಿ ಸುತ್ತಿಗೆಗಳಿಂದ ಇಷ್ಟು ನಯ ಹೇಗೆ ಬಂತೆಂದು ಕೇಳಿದೆ. ‘ಬೆಂಕಿ ಮಾಡಿದ ಕೆಲಸ’ ಎಂದಳು. ಬಂಡೆಗೆ ಒತ್ತಿ ಸೌದೆ ಒಟ್ಟಿ ಉರಿ ಹಚ್ಚುವರು. ಕಾದ ಕಲ್ಲು ಸಿಡಿದು ಹೊಪ್ಪಳಿಕೆಯಾಗಿ ಏಳುವುದು. ಹೊಗೆ ಕಳೆದ ಮೇಲೆ ಒಳಹೊಕ್ಕು ಹಾರೆಯಿಂದ ಅದನ್ನು ಕಿತ್ತು ಹಾಕುವರು. ಮತ್ತೆ ಸೌದೆ, ಮತ್ತೆ ಉರಿ. ಸಿಡಿಮದ್ದು ಬಂದ ಮೇಲೂ ಬಹುಕಾಲ ಈ ಪದ್ಧತಿ ನಿಲ್ಲಲಿಲ್ಲ. ಕೆಲಸಗಾರರು ವಾರವೆಲ್ಲ ಗಣಿಯ ಬಳಿಯ ಒಂದೇ ಮನೆಯಲ್ಲಿ ಒತ್ತೊತ್ತಾಗಿ ಮಲಗಿ, ವಾರದ ಕೊನೆಗೆ ಹೆಂಡಿರು ಮಕ್ಕಳ ಮುಖ ನೋಡಲು ಊರಿಗೆ ಇಳಿಯುತ್ತಿದ್ದರು.

ಕಲ್ಲನ್ನು ಕೀಳಲು ಸೌದೆ ಬೇಕು. ಕಿತ್ತ ಅದಿರಿನಲ್ಲಿ ಗಂಧಕ ತುಂಬಿರುವುದರಿಂದ ಅದನ್ನು ಮೊದಲು ರಾಶಿ ಹಾಕಿ ಸುಡಬೇಕು, ಅದಕ್ಕೂ ಸೌದೆ. ಆ ಬಳಿಕ ಕುಲುಮೆಗೆ ಇದ್ದಲು. ತಿದಿಯೊತ್ತಲು ಹೊಳೆಯ ನೀರಿತ್ತು, ಇದ್ದಲನ್ನು ಮಾತ್ರ ಕಾಡೇ ಕೊಡಬೇಕು. ಇಂಥ ಚಳಿಯ ನೆಲದಲ್ಲಿ ಒಂದು ಮರ ಬೆಳೆಯಲು ಎಷ್ಟು ಕಾಲ ಬೇಕು! ಊರ ಸುತ್ತಿನ ಕಾಡು ಕೊಡಲಿಗೆ ಹೋಯಿತು. ಅಳಿದುಳಿದ ಹಸುರನ್ನು ಗಂಧಕದ ಹೊಗೆ ತಿಂದಿತು. ಕಾಡು ದೂರ ಸರಿದಂತೆಲ್ಲ ಕುಲುಮೆಗಳೇ ಕಾಡನ್ನು ಹುಡುಕಿಕೊಂಡು ಹೋದವು. ಫೆಮುಂಡ್ ಸರೋವರದ ದಂಡೆಯಲ್ಲಿ 1743ರಲ್ಲಿ ಒಂದು ಕುಲುಮೆ ಎದ್ದು, 1822ರಲ್ಲಿ ಆರಿತು.

ಈ ಸಾಗಾಟವೆಲ್ಲ ಚಳಿಗಾಲದಲ್ಲೇ ನಡೆಯಬೇಕು. ಬೇಸಗೆಯಲ್ಲಿ ಇಲ್ಲಿನ ನೆಲ ಜವುಗು, ಬಂಡಿ ಹೂತುಹೋಗುತ್ತದೆ. ಹೆಪ್ಪುಗಟ್ಟಿದಾಗ ಸರೋವರವೇ ರಾಜಮಾರ್ಗ. ಕುದುರೆಗಳ ಜಾರುಬಂಡಿಗಳು ಸಾಲುಸಾಲಾಗಿ ಹಿಮದ ಮೇಲೆ ಅದಿರನ್ನೂ ಇದ್ದಲನ್ನೂ ಎಳೆಯುತ್ತಿದ್ದವು. ಕುಲುಮೆಮನೆಯ ಮುಂದಿನ ಬಯಲಿಗೆ ಇಂದಿಗೂ ‘ಅದಿರಿನ ಚೌಕ’ ಎಂದೇ ಹೆಸರು. ರೈತ ತಂದ ಹೊರೆಯನ್ನು ತೂಗುತ್ತಿದ್ದದ್ದು ಅಲ್ಲಿ. ಪಾಳಿಗೆ ಕರೆಯುತ್ತಿದ್ದ ಗಂಟೆಯೂ ಅಲ್ಲೇ ಇದೆ. ತಕ್ಕಡಿ ಕಂಪೆನಿಯದು, ಗಂಟೆ ಕಂಪೆನಿಯದು. ಆ ಚೌಕದಲ್ಲಿ ನಿಂತಾಗ ನನಗನಿಸಿತು, ವೃತ್ತದ ನಿಜವಾದ ನಡುಬಿಂದು ಗಣಿಯಲ್ಲ, ಈ ತಕ್ಕಡಿ.

ಚೌಕದ ಹಿಂದೆಯೇ ಕಿಟ್ಟದ ಗುಡ್ಡಗಳು. ಕುಲುಮೆಯ ಕಸ ಶತಮಾನಗಳಿಂದ ಬಿದ್ದು ಬಿದ್ದು ಬೆಳೆದದ್ದು. ಹುಲ್ಲೂ ಹುಟ್ಟದ ಕರಿ ದಿಬ್ಬ. ಕೋಲಾರದ ಚಿನ್ನದ ಗಣಿಯ ಬೂದುಬಣ್ಣದ ದಿಬ್ಬಗಳನ್ನು ಕಂಡವರಿಗೆ ಈ ನೋಟ ಪೂರ್ತಿ ಹೊಸದಲ್ಲ. ಅದರ ಬುಡದ ಓಣಿಯಲ್ಲಿ ಬಡವರ ಗುಡಿಸಲುಗಳು, ಎಷ್ಟು ಚಿಕ್ಕವೆಂದರೆ ನಾನು ಬಾಗಿಲಲ್ಲಿ ಬಗ್ಗಬೇಕಾಯಿತು. ಅಲ್ಲಿಂದ ತಲೆಯೆತ್ತಿದರೆ ಕಾಣುವುದು ಚರ್ಚು. ಮರದ ಊರಿನಲ್ಲಿ ಅದೊಂದು ಸುಣ್ಣ ಬಳಿದ ಕಲ್ಲಿನ ಕಟ್ಟಡ. ಎಂಟು ಮೂಲೆ, 1784ರಲ್ಲಿ ಮುಗಿದದ್ದು, 1600 ಜನ ಕೂರಬಹುದು. ಗೋಪುರದ ಮೇಲೆ ಕಂಪೆನಿಯ ಲಾಂಛನ, ಒಂದನ್ನೊಂದು ಹಾಯ್ದ ಗಣಿಗಾರನ ಉಪಕರಣಗಳು. ಒಳಗೆ ಪಾದ್ರಿಗಳ, ಗಣಿಯ ಅಧಿಕಾರಿಗಳ ದೊಡ್ಡ ಚಿತ್ರಪಟಗಳು. ದೊರೆಗೆಂದು ಪ್ರತ್ಯೇಕ ಆಸನ. ಇದ್ದಲು ಸುಟ್ಟವನ ಚಿತ್ರಕ್ಕಾಗಿ ನಾನು ಸುತ್ತಲೂ ಹುಡುಕಿದೆ. ಹುಡುಕಿದ್ದು ನನ್ನ ತಪ್ಪು.

ಗಡಿಯ ಊರಾದ್ದರಿಂದ ಯುದ್ಧವೂ ತಪ್ಪಲಿಲ್ಲ. 1678ರಲ್ಲಿ ಒಮ್ಮೆ, 1679ರಲ್ಲಿ ಮತ್ತೊಮ್ಮೆ ಸ್ವೀಡನ್ನಿನ ಸೈನಿಕರು ಊರನ್ನು ಸುಟ್ಟರು. 1718ರಲ್ಲಿ ಮತ್ತೆ ಬಂದು ತಾಮ್ರವನ್ನು ದೋಚಿದರು. ಅವರ ದೊರೆ ಹನ್ನೆರಡನೆಯ ಚಾರ್ಲ್ಸ್ ದಕ್ಷಿಣದಲ್ಲಿ ಗುಂಡಿಗೆ ಬಲಿಯಾದ ಸುದ್ದಿ ಬಂದು ಆ ಸೈನ್ಯ ಹಿಂದಿರುಗುವಾಗ, 1719ರ ಜನವರಿಯಲ್ಲಿ ಟ್ಯುದಾಲ್ ಬೆಟ್ಟಗಳ ಹಿಮಗಾಳಿಗೆ ಸಿಕ್ಕಿ ಸುಮಾರು 3000 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಬಡ ರೈತರ ಮಕ್ಕಳೇ.

ಚಿತ್ರಪಟದಲ್ಲಿ ಕಾಣದವರಿಗೆ ಕೊನೆಗೆ ಒಬ್ಬ ಬರಹಗಾರ ದೊರೆತ. ಯೋಹಾನ್ ಫಾಲ್ಕ್‌ಬೆರ್ಗೆಟ್ ಹುಟ್ಟಿದ್ದು 1879ರಲ್ಲಿ, ಇದೇ ಸೀಮೆಯಲ್ಲಿ. ಎಂಟನೆಯ ವಯಸ್ಸಿಗೆ ಗಣಿಯ ಕೆಲಸಕ್ಕೆ ಸೇರಿ, 27ರ ತನಕ ಗಣಿಗಾರನಾಗಿಯೇ ಇದ್ದು, ಗಣಿಯಲ್ಲಿರುವಾಗಲೇ ಲೇಖನಿ ಹಿಡಿದವ. ಅವನ ಕಡೆಯ ದೊಡ್ಡ ಕಾದಂಬರಿಮಾಲೆ ‘ರಾತ್ರಿಯ ರೊಟ್ಟಿ’. ಅದರ ನಾಯಕಿ ಆನ್-ಮಾಗ್ರಿಟ್ ಅದಿರು ಸಾಗಿಸುವ ಬಡ ಹುಡುಗಿ. ದೊರೆಯ ಆಸನದಲ್ಲಿ ಎಂದೂ ಕೂರದವಳನ್ನು ನಾರ್ವೆಯ ಮನೆಮನೆಯೂ ಬಲ್ಲುದು. 1969ರಲ್ಲಿ ಲಿವ್ ಉಲ್‌ಮನ್ ಅವಳ ಪಾತ್ರವನ್ನು ಚಲನಚಿತ್ರದಲ್ಲಿ ಅಭಿನಯಿಸಿದರು.

ರೈಲು ಬಂದದ್ದು 1877ರಲ್ಲಿ. ಸರಿಯಾಗಿ ನೂರು ವರ್ಷದ ಮೇಲೆ, 1977ರಲ್ಲಿ, ಕಂಪೆನಿ ದಿವಾಳಿಯಾಯಿತು. 333 ವರ್ಷದ ಗಣಿ ನಿಂತಿತು. ಮೂರು ವರ್ಷಕ್ಕೆ ಯುನೆಸ್ಕೊ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಕಿಟ್ಟದ ಗುಡ್ಡದಿಂದ ಒಂದು ಬೊಗಸೆ ತೆಗೆಯುವಂತಿಲ್ಲ, ಕಸಕ್ಕೂ ರಕ್ಷಣೆ. 2010ರಲ್ಲಿ ಆ ರಕ್ಷಣೆಯ ಎಲ್ಲೆಯನ್ನು ವಿಸ್ತರಿಸಲು ಹೊರಟಾಗ ಪಂಡಿತರು ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ಕ್ರಿಸ್ಟಿಯನ್ ದೊರೆಯ ಹಳೆಯ ವೃತ್ತವನ್ನೇ ಎತ್ತಿಕೊಂಡರು.

ಸಂಜೆಯ ರೈಲಿನಲ್ಲಿ ಕಿಟಕಿಯ ಬಳಿ ಕುಳಿತೆ. ಮೊದಲು ಬೋಳು ದಿಣ್ಣೆಗಳು, ಆಮೇಲೆ ಕುಳ್ಳ ಬರ್ಚ್ ಮರಗಳು, ಬಹು ಹೊತ್ತಿನ ಮೇಲೆ ನಿಜವಾದ ಕಾಡು. ಭೂಪಟವನ್ನು ತೊಡೆಯ ಮೇಲೆ ಬಿಡಿಸಿ ಗಡಿಯಾರ ನೋಡಿದೆ. ಹೊರಟು ಮುಕ್ಕಾಲು ಗಂಟೆಯಾಗಿತ್ತು. ಬಂಡಿ ಆಗಷ್ಟೇ ವೃತ್ತದ ಗೆರೆಯ ಬಳಿಗೆ ಬರುತ್ತಿತ್ತು.