ಲಂಡನ್ ನಗರದ ಬಾನಂಚು

ಹೊಸ ಊರೊಂದಕ್ಕೆ ಕಾಲ್ನಡಿಗೆಯಿಂದ ಹೋಗುವವನಿಗೆ ಆ ಊರಿನ ಮನೆಗಳು ಮೊದಲು ಕಾಣುವುದಿಲ್ಲ. ಗುಡಿಯ ಗೋಪುರವೋ, ಕೋಟೆಯ ಬುರುಜೋ, ಮಸೀದಿಯ ಮಿನಾರೋ ಆಕಾಶದ ಅಂಚಿನಲ್ಲಿ ಮೊದಲು ತಲೆಯೆತ್ತುತ್ತದೆ. ಅದನ್ನು ಕಂಡೊಡನೆ ‘ಇಗೋ, ಊರು ಬಂತು’ ಎಂದು ಅವನು ಹೆಗಲ ಗಂಟನ್ನು ಸರಿಪಡಿಸಿಕೊಳ್ಳುತ್ತಾನೆ. ನೆಲವೂ ಬಾನೂ ಕೂಡುವ ಎಡೆಯಲ್ಲಿ ಪ್ರತಿಯೊಂದು ಊರೂ ತನ್ನದೇ ಆದ ಒಂದು ರೇಖೆಯನ್ನು ಬರೆದುಕೊಂಡಿರುತ್ತದೆ. ಅದನ್ನು ಊರಿನ ಬಾನಂಚು ಎಂದು ಕರೆಯೋಣ. ಮನೆಗೆ ಒಡೆಯನುಂಟು, ಹೊಲಕ್ಕೆ ಒಡೆಯನುಂಟು. ಈ ಬಾನಂಚಿಗೆ ಒಡೆಯರಾರು? ಅದು ಕೆಟ್ಟರೆ ದೂರು ಕೊಡುವವರಾರು, ಕೇಳುವವರಾರು? ಈ ಪ್ರಶ್ನೆಗೆ ಲಂಡನ್ ನಗರದ ಮುನ್ನೂರೈವತ್ತು ವರ್ಷಗಳ ಚರಿತ್ರೆಯು ಕೊಡುವ ಉತ್ತರವು ವಿಚಾರಾರ್ಹವಾಗಿದೆ.

1666ನೆಯ ಇಸವಿ ಸೆಪ್ಟೆಂಬರ್ 2ರ ನಸುಕಿನಲ್ಲಿ, ರೊಟ್ಟಿ ಸುಡುವವನೊಬ್ಬನ ಮನೆಯಿಂದೆದ್ದ ಕಿಚ್ಚು ನಾಲ್ಕು ದಿನ ಉರಿದು, ಸುಮಾರು 13,000 ಮನೆಗಳನ್ನೂ 87 ಇಗರ್ಜಿಗಳನ್ನೂ ಬೂದಿ ಮಾಡಿತು. ಊರಿಗೆ ತಲೆಮಾನವಾಗಿದ್ದ ಹಳೆಯ ಸೇಂಟ್ ಪಾಲ್ ಮಹಾ ಇಗರ್ಜಿಯೂ ಆ ಉರಿಗೆ ಆಹುತಿಯಾಯಿತು. ಅದರ ಮೊನೆಗೋಪುರವು ನೂರೈದು ವರ್ಷಗಳ ಹಿಂದೆಯೇ, 1561ರಲ್ಲಿ, ಸಿಡಿಲು ಬಡಿದು ನಾಶವಾಗಿತ್ತು. ಹೊಸ ಇಗರ್ಜಿಯನ್ನು ಕಟ್ಟುವ ಹೊಣೆಯು ಕ್ರಿಸ್ಟಫರ್ ರೆನ್ ಎಂಬ ವಾಸ್ತುಶಿಲ್ಪಿಗೆ ಬಂದಿತು. 1675ರಲ್ಲಿ ಅಸ್ತಿಭಾರ ಬಿದ್ದಿತು. 1708ರಲ್ಲಿ ರೆನ್ನನ ಮಗನು ತುದಿಯ ಕಲ್ಲನ್ನಿಟ್ಟನು. ನೆಲದಿಂದ ಶಿಲುಬೆಯ ತುದಿಯವರೆಗೆ 365 ಅಡಿ. ವರ್ಷದ ದಿನಗಳೆಷ್ಟೋ ಅಡಿಗಳೂ ಅಷ್ಟೇ ಎಂದು ನೆನಪಿಟ್ಟುಕೊಳ್ಳಬಹುದು.

ಈ ಗುಮ್ಮಟದ ರಚನೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಗುಟ್ಟು ಅಡಗಿದೆ. ಹೊರಗೆ ಕಾಣುವ ಗುಮ್ಮಟ ಬೇರೆ, ಒಳಗೆ ನಿಂತವನು ತಲೆಯೆತ್ತಿ ನೋಡುವ ಗುಮ್ಮಟ ಬೇರೆ. ಇವೆರಡರ ನಡುವೆ ಇಟ್ಟಿಗೆಯ ಶಂಕುವೊಂದು ಯಾರಿಗೂ ಕಾಣದಂತೆ ನಿಂತು, ತುದಿಯಲ್ಲಿರುವ ಕಲ್ಲುಮಂಟಪದ ಭಾರವನ್ನು ಹೊತ್ತಿದೆ. ಸೀಸದ ತಗಡು ಹೊದಿಸಿದ ಮರದ ಹೊರಗುಮ್ಮಟವು ಆ ಭಾರವನ್ನು ಹೊರುವುದಿಲ್ಲ. ಒಳಗೆ ಪ್ರಾರ್ಥಿಸುವವರ ಕಣ್ಣಿಗೆ ಬೀಳುವುದೂ ಇಲ್ಲ. ಹಾಗಾದರೆ ಅದನ್ನು ಅಷ್ಟು ಎತ್ತರವಾಗಿ ಕಟ್ಟಿದುದು ಯಾರಿಗಾಗಿ? ಥೇಮ್ಸ್ ನದಿಯ ದೋಣಿಯಲ್ಲಿ ಕುಳಿತವನಿಗಾಗಿ, ಸೇತುವೆಯ ಮೇಲೆ ನಡೆಯುವವನಿಗಾಗಿ, ದೂರದ ದಿಬ್ಬದಿಂದ ಊರಿನ ಕಡೆ ನೋಡುವವನಿಗಾಗಿ. ಇಗರ್ಜಿಯ ಬಾಗಿಲನ್ನು ಎಂದೂ ದಾಟದವನಿಗೂ ಅದರಲ್ಲಿ ಪಾಲಿತ್ತು.

ಆದರೆ ಈ ಪಾಲಿಗೆ ಕಾಯಿದೆಯ ಬೆಂಬಲವಿರಲಿಲ್ಲ. 1610ರಷ್ಟು ಹಿಂದೆಯೇ, ನೆರೆಯವನ ಹಂದಿದೊಡ್ಡಿಯ ನಾತವನ್ನು ಕುರಿತ ಒಂದು ಮೊಕದ್ದಮೆಯಲ್ಲಿ, ಇಂಗ್ಲೆಂಡಿನ ನ್ಯಾಯಾಧೀಶರು ಒಂದು ಭೇದವನ್ನು ಮಾಡಿದ್ದರು. ಗಾಳಿ ಕೆಟ್ಟರೆ ದಾವೆ ಹೂಡಬಹುದು, ಬೆಳಕು ನಿಂತರೆ ದಾವೆ ಹೂಡಬಹುದು. ಆದರೆ ಚೆಲುವಾದ ನೋಟವು ಮರೆಯಾಯಿತೆಂದು ದಾವೆ ಹೂಡಲಾಗದು, ಏಕೆಂದರೆ ನೋಟವು ಸಂತೋಷದ ವಿಷಯವೇ ಹೊರತು ಅಗತ್ಯದ ವಿಷಯವಲ್ಲ ಎಂಬುದೇ ಆ ತತ್ತ್ವ. ಇದು ಇಂದಿಗೂ ಅಲ್ಲಿ ಊರ್ಜಿತದಲ್ಲಿದೆ.

ಎರಡು ಶತಮಾನಗಳವರೆಗೆ ಇದರಿಂದ ಹೆಚ್ಚಿನ ಬಾಧೆಯಾಗಲಿಲ್ಲ. ಜನ ಕಾಲಿನಿಂದ ಮೆಟ್ಟಿಲು ಹತ್ತುವ ಕಾಲದಲ್ಲಿ ಮನೆಗಳು ಐದಾರು ಅಂತಸ್ತುಗಳಿಗಿಂತ ಮೇಲೇರುವುದು ಅಪರೂಪ. ಲಿಫ್ಟು ಬಂದ ಮೇಲೆ ಈ ಸಹಜವಾದ ಎಲ್ಲೆ ಅಳಿಯಿತು. 1873ರಲ್ಲಿ ಆರಂಭವಾದ ಕ್ವೀನ್ ಆನ್ಸ್ ಮ್ಯಾನ್ಷನ್ಸ್ ಎಂಬ ಬಾಡಿಗೆಮನೆಗಳ ಕಟ್ಟಡವು ಏರುತ್ತ ಏರುತ್ತ ಹದಿನಾಲ್ಕು ಅಂತಸ್ತಿಗೆ ಮುಟ್ಟಿತು. ಬಕಿಂಗ್‌ಹ್ಯಾಮ್ ಅರಮನೆಯಿಂದ ಪಾರ್ಲಿಮೆಂಟಿನ ಗೋಪುರಗಳು ಕಾಣದಂತಾದುವೆಂದು ವಿಕ್ಟೋರಿಯಾ ರಾಣಿಯೇ ಮುನಿದಳೆಂಬ ಪ್ರತೀತಿಯುಂಟು. ಬೆಂಕಿಯ ಭಯವೂ ಇದಕ್ಕೆ ಸೇರಿ, 1894ರ ಕಟ್ಟಡಗಳ ಕಾಯಿದೆಯು ಲಂಡನ್ನಿನ ಕಟ್ಟಡಗಳ ಎತ್ತರವನ್ನು 80 ಅಡಿಗೆ ಮಿತಿಗೊಳಿಸಿತು. ಮಾಡಿನೊಳಗೆ ಇನ್ನೆರಡು ಅಂತಸ್ತಿಗೆ ಮಾತ್ರ ಅವಕಾಶವಿತ್ತು.

ಮಿತಿಯಿದ್ದರೂ ರಿಯಾಯಿತಿಗಳಿದ್ದುವು. 1930ರ ದಶಕದ ಆರಂಭದಲ್ಲಿ ನದಿಯ ದಡದಲ್ಲಿ ಟೆಲಿಫೋನ್ ಕಚೇರಿಯ ದೊಡ್ಡ ಕಟ್ಟಡವೊಂದು ಎದ್ದು, ದಕ್ಷಿಣ ದಂಡೆಯಿಂದ ನೋಡುವವರಿಗೆ ಸೇಂಟ್ ಪಾಲನ್ನು ಮರೆಮಾಡಿತು. ಆಗ ಇಗರ್ಜಿಯ ಕಟ್ಟಡದ ಮೇಲ್ವಿಚಾರಕನಾಗಿದ್ದವನು ಗಾಡ್‌ಫ್ರೆ ಅಲೆನ್. ಆತನು ಸಭೆ ಸೇರಿಸಿ ಭಾಷಣ ಮಾಡುವುದಕ್ಕಿಂತ ಮೊದಲು ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಂಡನು. ಸೇತುವೆಗಳಿಂದಲೂ ಎದುರು ದಂಡೆಯಿಂದಲೂ ಗುಮ್ಮಟವು ಕಾಣಬೇಕಾದರೆ ಸುತ್ತಲಿನ ಒಂದೊಂದು ನಿವೇಶನದಲ್ಲಿ ಕಟ್ಟಡವು ಎಷ್ಟೆಷ್ಟು ಎತ್ತರವಿರಬಹುದೆಂದು ಲೆಕ್ಕ ಹಾಕಿ ನಕ್ಷೆಯನ್ನು ಸಿದ್ಧಪಡಿಸಿದನು. ‘ಸೇಂಟ್ ಪಾಲ್ ಎತ್ತರಗಳು’ ಎಂದು ಹೆಸರಾದ ಈ ಅಳತೆಗಳನ್ನು 1938ರಿಂದ ನಗರದ ಪೌರಸಭೆಯು ಅನುಸರಿಸತೊಡಗಿತು. ಇದು ಪಾರ್ಲಿಮೆಂಟು ಮಾಡಿದ ಶಾಸನವಲ್ಲ. ನೆರೆಹೊರೆಯವರು ಮಾತಿಗೆ ಕಟ್ಟುಬಿದ್ದು ನಡೆದುಕೊಂಡ ಒಪ್ಪಂದ. ವಾಚಕರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು.

ಒಪ್ಪಂದವಾದ ಎರಡೇ ವರ್ಷಗಳಲ್ಲಿ ಗುಮ್ಮಟಕ್ಕೆ ಮಹಾ ಕಂಟಕ ಬಂದಿತು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ನಗರದ ಮೇಲೆ ಬೆಂಕಿಬಾಂಬುಗಳ ಮಳೆ ಸುರಿಸಿದುವು. ಒಂದು ಬಾಂಬು ಗುಮ್ಮಟದ ಸೀಸದ ಹೊದಿಕೆಯಲ್ಲಿಯೇ ನಾಟಿಕೊಂಡಿತು. ಸೀಸ ಕರಗಿ ಅದು ಒಳಗೆ ಬಿದ್ದಿದ್ದರೆ ಒಣಮರದ ಚೌಕಟ್ಟು ಪಂಜಿನಂತೆ ಉರಿಯುತ್ತಿತ್ತು. ದೈವವಶಾತ್ ಅದು ಹೊರಕ್ಕೆ ಜಾರಿ ಕಲ್ಲಿನ ಮೊಗಸಾಲೆಯ ಮೇಲೆ ಬಿದ್ದಿತು. ಕಾವಲಿನಲ್ಲಿದ್ದ ಸ್ವಯಂಸೇವಕರು ಅದನ್ನು ನಂದಿಸಿದರು. ಆ ಕಾವಲುಪಡೆಯ ಮುಂದಾಳು ಅದೇ ಗಾಡ್‌ಫ್ರೆ ಅಲೆನ್. ಸುತ್ತಲೂ ಹೊಗೆ ಕವಿದಿರಲು ನಡುವೆ ಅಲುಗದೆ ನಿಂತ ಗುಮ್ಮಟದ ಛಾಯಾಚಿತ್ರವು ಮರುದಿನಗಳಲ್ಲಿ ಪತ್ರಿಕೆಯಲ್ಲಿ ಪ್ರಕಟವಾಗಿ, ಸೋಲೊಪ್ಪದ ಜನತೆಯ ಲಾಂಛನವಾಯಿತು.

ಯುದ್ಧ ಮುಗಿದ ಮೇಲೆ ವಿದ್ಯುತ್ತಿನ ಅಭಾವ ತಲೆದೋರಿತು. 1947ರಲ್ಲಿ ನದಿಯ ಎದುರು ದಂಡೆಯ ಬ್ಯಾಂಕ್‌ಸೈಡಿನಲ್ಲಿ, ಗುಮ್ಮಟಕ್ಕೆ ನೇರ ಎದುರಾಗಿ, ಎಣ್ಣೆಯಿಂದ ನಡೆಯುವ ವಿದ್ಯುದಾಗಾರವನ್ನು ಕಟ್ಟಲು ಸರಕಾರವು ಒಪ್ಪಿತು. ದೇವಾಲಯದ ಎದುರಿಗೆ ಹೊಗೆಯ ಚಿಮಣಿಯೇ ಎಂದು ಅನೇಕರು ಪ್ರತಿಭಟಿಸಿದರು. ವಾಸ್ತುಶಿಲ್ಪಿಯಾದ ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಕಾರ್ಖಾನೆಗೆ ಒಂದೇ ಚಿಮಣಿಯನ್ನಿಟ್ಟು, ಅದರ ಎತ್ತರವನ್ನು 325 ಅಡಿಗೆ ನಿಲ್ಲಿಸಿದನು. ಗುಮ್ಮಟಕ್ಕಿಂತ ಅದು 40 ಅಡಿ ಕಡಿಮೆ. ಹಿರಿಯರ ಎದುರಿನಲ್ಲಿ ಕಿರಿಯನು ಒಂದು ಮೆಟ್ಟಲು ಕೆಳಗೆ ಕುಳಿತಂತೆ.

1981ರಲ್ಲಿ ಈ ವಿದ್ಯುದಾಗಾರವು ನಿಂತುಹೋಯಿತು. ಪಾಳುಬಿದ್ದ ಇಟ್ಟಿಗೆಯ ರಾಶಿಯನ್ನು ಕೆಡವಬೇಕೆನ್ನುವವರೂ ಇದ್ದರು. 1994ರಲ್ಲಿ ಟೇಟ್ ಕಲಾಸಂಗ್ರಹಾಲಯದವರು ಆಧುನಿಕ ಕಲೆಯ ತಮ್ಮ ಹೊಸ ಶಾಖೆಗೆ ಈ ಸ್ಥಳವನ್ನೇ ಆರಿಸಿಕೊಂಡರು. ಹೆರ್ಝೋಗ್ ಮತ್ತು ಡ ಮ್ಯೂರೋನ್ ಎಂಬ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳು ಗೋಡೆಗಳನ್ನೂ ಚಿಮಣಿಯನ್ನೂ ಉಳಿಸಿ, ಮಾಡಿನ ಮೇಲೆ ಎರಡಂತಸ್ತಿನ ಗಾಜಿನ ಸಾಲನ್ನು ಮಾತ್ರ ಕೂಡಿಸಿದರು. ಯಂತ್ರಗಳಿದ್ದ ವಿಶಾಲವಾದ ಅಂಗಣವು ಸಾರ್ವಜನಿಕರ ಹಜಾರವಾಯಿತು. 2000ದ ಮೇ ತಿಂಗಳಿನಲ್ಲಿ ಸಂಗ್ರಹಾಲಯವು ತೆರೆಯಿತು. ಮೊದಲ ವರ್ಷದಲ್ಲಿಯೇ 50 ಲಕ್ಷಕ್ಕೂ ಹೆಚ್ಚು ಜನ ಬಂದರು. ಅದರೆದುರಿನಿಂದ ಗುಮ್ಮಟದ ಕಡೆಗೆ ನಡೆದುಹೋಗಲು ಹೊಸ ಕಾಲುಸೇತುವೆಯೂ ಆಯಿತು. ಹಳೆಯದನ್ನು ಕೆಡವದೆ ಹೊಸ ಬಾಳು ಕೊಟ್ಟುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಇಷ್ಟರಲ್ಲಿ ಬಾನಂಚು ಬೇರೊಂದು ದಿಕ್ಕಿನಲ್ಲಿ ಬದಲಾಗುತ್ತಿತ್ತು. 1950ರ ದಶಕದ ನಡುವೆ ಎತ್ತರದ ಹಳೆಯ ಮಿತಿಗಳು ಸಡಿಲಾದುವು. 1963ರಲ್ಲಿ, ಎರಡೂವರೆ ಶತಮಾನಗಳ ಅನಂತರ, ಗುಮ್ಮಟವು ಲಂಡನ್ನಿನ ಅತ್ಯುನ್ನತ ಕಟ್ಟಡವೆಂಬ ಸ್ಥಾನವನ್ನು ಕಳೆದುಕೊಂಡಿತು. 1980ರಲ್ಲಿ ಬ್ಯಾಂಕೊಂದರ ಗೋಪುರವು 600 ಅಡಿಗೆ ಏರಿತು. 1986ರಲ್ಲಿ ಷೇರುಪೇಟೆಯ ಹಳೆಯ ಕಟ್ಟುಪಾಡುಗಳು ತೆಗೆದುಹೋದ ಮೇಲೆ ದೇಶವಿದೇಶಗಳ ಹಣದ ವ್ಯವಹಾರವೆಲ್ಲ ಅಲ್ಲಿಗೆ ಹರಿಯಿತು. ನೆಲದ ಬೆಲೆ ಏರಿತು. ನೆಲದ ಬೆಲೆ ಏರಿದಂತೆ ಮಹಡಿಗಳೂ ಏರಿದುವು. ಹಳೆಯ ಹಡಗುಕಟ್ಟೆಗಳ ಜಾಗದಲ್ಲಿ 1991ರಲ್ಲಿ 770 ಅಡಿಯ ಗೋಪುರ ನಿಂತಿತು. ಲಂಡನ್ ಬ್ರಿಜ್ ರೈಲುನಿಲ್ದಾಣದ ಬಳಿ ರೆಂಜೊ ಪಿಯಾನೊ ರಚಿಸಿದ ‘ಶಾರ್ಡ್’ ಎಂಬ ಗಾಜಿನ ಗೋಪುರವು 2012ರಲ್ಲಿ 1,016 ಅಡಿಗೆ ಮುಟ್ಟಿತು. ನೂರಾರು ಜನ ದುಡಿಯುವ ಕಟ್ಟಡವು ರೈಲಿನ ಬುಡದಲ್ಲಿಯೇ ಇದ್ದರೆ ಊರು ಹೊಲಗದ್ದೆಗಳ ಕಡೆಗೆ ಹಬ್ಬುವುದು ತಪ್ಪುತ್ತದೆಂಬುದು ಇಂಥವುಗಳ ಪರವಾದ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಆದರೂ ಅಲೆನ್ನನ ಅಳತೆಗಳು ಸತ್ತಿಲ್ಲ. 1991ರಲ್ಲಿ ಸರಕಾರವು ಕೆಲವು ದೂರದ ನೋಟಗಳನ್ನು ರಕ್ಷಿತವೆಂದು ಸಾರಿತು. ಅವುಗಳಲ್ಲೊಂದು ಹತ್ತು ಮೈಲಿ ದೂರದ ರಿಚ್‌ಮಂಡ್ ಉದ್ಯಾನದ ದಿಬ್ಬದಿಂದ, ಬೇಲಿಗಿಡಗಳ ನಡುವೆ ಬಿಟ್ಟಿರುವ ಕಂಡಿಯ ಮೂಲಕ, ಗುಮ್ಮಟವನ್ನು ಕಾಣುವ ನೋಟ. 2014ರಲ್ಲಿ ಮುಗಿದ ಲೆಡನ್‌ಹಾಲ್ ಕಟ್ಟಡವು 737 ಅಡಿ ಎತ್ತರವಿದ್ದರೂ, ಫ್ಲೀಟ್ ಬೀದಿಯಿಂದ ಗುಮ್ಮಟವನ್ನು ನೋಡುವವನಿಗೆ ಅಡ್ಡವಾಗದಂತೆ ಮೇಲುಮೇಲಕ್ಕೆ ಹಿಂದೆ ಸರಿದು ಓರೆಯಾಗಿ ನಿಂತಿದೆ. ಹೀಗೆ ಗಾಜುಕಬ್ಬಿಣಗಳ ಗೋಪುರವೂ ಒಂದು ಹಳೆಯ ಮಾತಿಗೆ ತಲೆಬಾಗಿದೆ. ಎಲ್ಲವೂ ಬಾಗಿಲ್ಲ: ಗುಮ್ಮಟದಿಂದ ಮೈಲಿಗಳಾಚೆಯ ಸ್ಟ್ರಾಟ್‌ಫರ್ಡಿನಲ್ಲಿ ಕಟ್ಟಿದ ಒಂದು ಗೋಪುರವು ರಿಚ್‌ಮಂಡ್ ದಿಬ್ಬದಿಂದ ನೋಡಿದಾಗ ಗುಮ್ಮಟದ ಬೆನ್ನಿಗೇ ಎದ್ದು ಕಾಣುವುದೆಂದು 2016ರಲ್ಲಿ ದೊಡ್ಡ ಗದ್ದಲವಾಯಿತು. ಮುಂದೆ ಮರೆಯಾಗಬಾರದೆಂದು ಎಚ್ಚರವಿಟ್ಟವರು ಬಹುದೂರದ ಹಿನ್ನೆಲೆಯನ್ನು ಮರೆತಿದ್ದರು.

ಅದೇ 2016ರಲ್ಲಿ ಟೇಟ್ ಸಂಗ್ರಹಾಲಯವು ತಾನೂ ಹತ್ತಂತಸ್ತಿನ ಇಟ್ಟಿಗೆಯ ಗೋಪುರವೊಂದನ್ನು ಕಟ್ಟಿ, ಅದರ ತುದಿಯಲ್ಲಿ ಊರನ್ನೆಲ್ಲ ನೋಡುವ ಮೊಗಸಾಲೆಯನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆಯಿತು. ಪಕ್ಕದಲ್ಲಿ, ನೂರಡಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ನೆಲದಿಂದ ಮಾಡಿನವರೆಗೆ ಗಾಜಿನ ಗೋಡೆಗಳುಳ್ಳ ಹೊಸ ವಾಸಗೃಹಗಳಿದ್ದುವು. ಗುಮ್ಮಟವನ್ನು ನೋಡಲು ಮೇಲೇರಿದವರು ಈ ಮನೆಗಳೊಳಗನ್ನೂ ನೋಡತೊಡಗಿದರು, ಚಿತ್ರ ತೆಗೆಯತೊಡಗಿದರು. ಮನೆಯವರು 2017ರಲ್ಲಿ ನ್ಯಾಯಾಲಯದ ಮೆಟ್ಟಲೇರಿದರು. ಎರಡು ನ್ಯಾಯಾಲಯಗಳಲ್ಲಿ ಸೋತರು. 2023ರ ಫೆಬ್ರವರಿ 1ರಂದು ಪರಮೋಚ್ಚ ನ್ಯಾಯಾಲಯವು, ಮೂವರು ಒಂದೆಡೆ ಇಬ್ಬರು ಇನ್ನೊಂದೆಡೆಯಾಗಿ, ಮನೆಯವರ ಪರವಾಗಿ ತೀರ್ಪಿತ್ತು, ಪರಿಹಾರವನ್ನು ಗೊತ್ತುಪಡಿಸುವ ಕೆಲಸವನ್ನು ಕೆಳಗಿನ ನ್ಯಾಯಾಲಯಕ್ಕೆ ಬಿಟ್ಟಿತು. ನೋಡುವ ಹಕ್ಕನ್ನು ಕಾಯಿದೆ ಯಾರಿಗೂ ಕೊಟ್ಟಿಲ್ಲ. ಆದರೆ ತನ್ನ ಮನೆಯಲ್ಲಿ ದಿನವಿಡೀ ಪರರ ನೋಟಕ್ಕೆ ಗುರಿಯಾಗದಿರುವ ಹಕ್ಕು ಉಂಟೆಂದು ಆ ತೀರ್ಪಿನ ಸಾರ. ಬಾನಂಚನ್ನು ನೋಡಲು ಬಂದ ಸಾಮಾನ್ಯನಿಗೆ ಅಲ್ಲಿ ಸ್ಥಾನವಿರಲಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯುಂಟು. ನಗರದ ಚರಿತ್ರೆಯನ್ನೇ ಸಂಗ್ರಹಿಸಿದ ಮ್ಯೂಸಿಯಂ ಆಫ್ ಲಂಡನ್ 1976ರಲ್ಲಿ, ರೋಮನರ ಕಾಲದ ಕೋಟೆಗೋಡೆಯ ಬಳಿ ಕಟ್ಟಿದ ಮನೆಯಲ್ಲಿ ತೆರೆಯಿತು. 2022ರ ಡಿಸೆಂಬರಿನಲ್ಲಿ ಅಲ್ಲಿ ಬಾಗಿಲು ಮುಚ್ಚಿತು. ಆ ಕಟ್ಟಡವನ್ನು ಕೆಡವಿ ದೊಡ್ಡ ಕಚೇರಿಗಳನ್ನೆಬ್ಬಿಸುವ ಯೋಜನೆಗೆ, ಬಹುಜನರ ಆಕ್ಷೇಪಣೆಯ ನಡುವೆಯೂ, ಪೌರಸಭೆಯು 2024ರಲ್ಲಿ ಅನುಮತಿ ಕೊಟ್ಟಿತು. ಮ್ಯೂಸಿಯಮ್ಮಿಗೆ ಹೊಸ ನೆಲೆಯೆಂದು ಗೊತ್ತಾದುದು ಸ್ಮಿತ್‌ಫೀಲ್ಡಿನ ಹಳೆಯ ಪೇಟೆಯ ಕಟ್ಟಡಗಳು. ಇವನ್ನೂ ಕೆಡವಬೇಕೆಂದು ಹಿಂದೆ ಪ್ರಯತ್ನಗಳು ನಡೆದಿದ್ದುವು. ಜನ ಹೋರಾಡಿದುದರಿಂದ ಸರಕಾರವು 2008ರಲ್ಲಿಯೂ 2014ರಲ್ಲಿಯೂ ಆ ಯೋಜನೆಗಳನ್ನು ತಿರಸ್ಕರಿಸಿತ್ತು. ಒಂದೇ ಸಂಸ್ಥೆಯ ಕಥೆಯಲ್ಲಿ ಉಳಿಸುವುದೂ ಉಂಟು, ಕೆಡವುವುದೂ ಉಂಟು. ನೆನಪನ್ನು ಕಾಯುವ ಮನೆಯೇ ನೆನಪಾಗಿಬಿಡುವುದು ಈ ಕಾಲದ ವೈಚಿತ್ರ್ಯ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾನಂಚಿಗೆ ಒಡೆಯರಾರು? ಕಾಯಿದೆಯ ಕಣ್ಣಿನಲ್ಲಿ ಯಾರೂ ಅಲ್ಲ. ಆದುದರಿಂದಲೇ ಅದು ಎಲ್ಲರ ಹೊಣೆ. ಲಂಡನ್ನಿನ ಗುಮ್ಮಟವನ್ನು ಇಷ್ಟು ಕಾಲ ಕಾಣುವಂತೆ ಉಳಿಸಿದುದು ರಾಣಿಯ ಮುನಿಸಲ್ಲ, ನ್ಯಾಯಾಲಯದ ತೀರ್ಪೂ ಅಲ್ಲ. ಅಧಿಕಾರವಿಲ್ಲದ ಒಬ್ಬ ಮನುಷ್ಯನು ಎಚ್ಚರಿಕೆಯಿಂದ ಅಳೆದು ಬರೆದಿಟ್ಟ ನಕ್ಷೆ, ಮತ್ತು ಅದನ್ನು ಗೌರವಿಸಿದ ನೆರೆಹೊರೆ. ಇರುವುದೇನೆಂದು ಮೊದಲೇ ಬರೆದಿಡದವನು, ಹೋದುದೇನೆಂದು ಆಮೇಲೆ ಹೇಳಲಾರನು.

ಕ್ರಿಸ್ಟಫರ್ ರೆನ್ 1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡನು. ಅವನ ಸಮಾಧಿ ಆ ಗುಮ್ಮಟದ ಇಗರ್ಜಿಯ ನೆಲಮಾಳಿಗೆಯಲ್ಲಿದೆ. ಅವನ ಸ್ಮಾರಕವನ್ನು ಹುಡುಕುವವನು ಸುತ್ತಲೂ ನೋಡಲಿ ಎಂಬರ್ಥದ ಲ್ಯಾಟಿನ್ ಮಾತನ್ನು ಅಲ್ಲಿ ಕೆತ್ತಿದ್ದಾರೆ. ಸುತ್ತಲೂ ನೋಡುವುದು ವಿದ್ಯಾರ್ಥಿಗಳಿಗೂ ಒಂದು ಪಾಠವೇ. ಉಪಾಧ್ಯಾಯ ಬಂಧುಗಳು ವರ್ಷಕ್ಕೊಮ್ಮೆ ತಮ್ಮ ಮಕ್ಕಳನ್ನು ಊರಾಚೆಯ ಗುಡ್ಡಕ್ಕೋ ಕೆರೆಯ ಏರಿಗೋ ಕರೆದುಕೊಂಡು ಹೋಗಿ, ಒಂದೇ ಕಲ್ಲಿನ ಮೇಲೆ ನಿಲ್ಲಿಸಿ, ಊರಿನ ಬಾನಂಚನ್ನು ಬರೆಯಿಸಲಿ. ಕೆಳಗೆ ತೇದಿಯನ್ನು ಹಾಕಿಸಿ ಶಾಲೆಯ ಕಪಾಟಿನಲ್ಲಿಡಲಿ. ಇಪ್ಪತ್ತು ವರ್ಷಗಳ ತರುವಾಯ ಆ ಹಾಳೆಗಳನ್ನು ಸಾಲಾಗಿ ಹರಡಿದರೆ, ಊರು ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.